ಲಾರಿ ರಸ್ತೆಗೆ ಮುಖ ಮಾಡಿದ ಮನೆ, ಉಬ್ಬಸದ ಮಗು: ಮೊದಲು ಏನು ಮಾಡಬೇಕು?

ಪ್ರಶ್ನೆ: ಕೋಲಾರದಲ್ಲಿ ಬಂಗಾರಪೇಟೆ ರಸ್ತೆಗೆ ಮುಖ ಮಾಡಿದ ಕಟ್ಟಡದ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಕೆಳಗೆ ಅಂಗಡಿ, ಎದುರಿಗೇ ಹಂಪ್ಸ್. ಟೊಮೆಟೊ ಸೀಸನ್ನಿನಲ್ಲಿ ಹಗಲು ರಾತ್ರಿ ಲಾರಿ, ಪಿಕಪ್ ಓಡಾಟ. ಇಲ್ಲಿಗೆ ಬಂದ ಒಂದೂವರೆ ವರ್ಷದಲ್ಲಿ ಎಂಟು ವರ್ಷದ ಮಗನಿಗೆ ನಾಲ್ಕು ಸಲ ಉಬ್ಬಸ ಬಂದಿದೆ. ಡಾಕ್ಟರು ಎರಡು ಇನ್ಹೇಲರ್ ಬರೆದುಕೊಟ್ಟಿದ್ದಾರೆ. "ಅದು ಚಟ ಹಿಡಿಯುತ್ತೆ, ಉಬ್ಬಸ ಬಂದಾಗ ಮಾತ್ರ ಕೊಡು" ಅಂತ ಅತ್ತೆಯವರು ಹೇಳುತ್ತಾರೆ. ಮಾವನವರಿಗೆ 64 ವರ್ಷ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಬೆಳಗ್ಗೆ ಆರಕ್ಕೆ ಇದೇ ರಸ್ತೆಯಲ್ಲಿ ವಾಕಿಂಗ್ ಹೋಗುತ್ತಾರೆ. ಕಿಟಕಿ ಪರದೆ ಹದಿನೈದು ದಿನಕ್ಕೆ ಕಪ್ಪಾಗುತ್ತೆ. ಆದರೆ ಮೊಬೈಲಿನಲ್ಲಿ ನೋಡಿದರೆ ಕೋಲಾರದ ಗಾಳಿ 'ತೃಪ್ತಿದಾಯಕ' ಅಂತಿರುತ್ತೆ. ಏರ್ ಪ್ಯೂರಿಫೈಯರ್ ತರಬೇಕೆ, ಮಾಸ್ಕ್ ಹಾಕಿಸಬೇಕೆ, ಮನೆಯನ್ನೇ ಬದಲಾಯಿಸಬೇಕೆ?

ಉತ್ತರ: ದುಡ್ಡು ಖರ್ಚು ಮಾಡುವ ಮೊದಲು ಮಾಡಬೇಕಾದ ಮೂರು ಕೆಲಸ ಇವೆ, ಮೂರಕ್ಕೂ ಕಾಸು ಬೇಕಿಲ್ಲ. ಮಗನಿಗೆ ದಿನವೂ ಕೊಡಿ ಎಂದು ಡಾಕ್ಟರು ಬರೆದ ಇನ್ಹೇಲರನ್ನು ಇವತ್ತಿನಿಂದಲೇ ತಪ್ಪದೆ ಕೊಡಿ. ಅವನು ಮಲಗುವ ಜಾಗವನ್ನು ರಸ್ತೆ ಕಡೆಯಿಂದ ಹಿಂದಿನ ಕೋಣೆಗೆ ಬದಲಾಯಿಸಿ. ಮಾವನವರ ವಾಕಿಂಗಿನ ದಾರಿ ಮತ್ತು ಹೊತ್ತು ಎರಡನ್ನೂ ಬದಲಿಸಿ. ಪ್ಯೂರಿಫೈಯರ್, ಮಾಸ್ಕ್, ಮನೆ ಬದಲಾವಣೆ ಇವೆಲ್ಲ ಆಮೇಲಿನ ಮಾತು. ವಾಹನದ ಹೊಗೆಯ ವಿಷಯದಲ್ಲಿ ನಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರಗಳು ಎರಡೇ: ಎಷ್ಟು ದೂರ ಇದ್ದೇವೆ, ಯಾವ ಹೊತ್ತಿನಲ್ಲಿ ಇದ್ದೇವೆ. ಹೇಗೆಂದು ಹೇಳುತ್ತೇನೆ.

ಮೊದಲು ಆ್ಯಪ್ ಮತ್ತು ಪರದೆಯ ಜಗಳ ಬಗೆಹರಿಸೋಣ. ಎರಡೂ ಸುಳ್ಳು ಹೇಳುತ್ತಿಲ್ಲ, ಎರಡೂ ಬೇರೆ ಬೇರೆ ಜಾಗದ ಗಾಳಿಯ ಬಗ್ಗೆ ಹೇಳುತ್ತಿವೆ. ಕೋಲಾರದ ಹೆಸರಿನಲ್ಲಿ ಬರುವ ಅಂಕಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು ಟಮಕ ಕೈಗಾರಿಕಾ ಪ್ರದೇಶದಲ್ಲಿ ಇಟ್ಟಿರುವ ಯಂತ್ರದ್ದು. ನಿಮ್ಮ ಕಿಟಕಿಯಿಂದ ಹತ್ತು ಹದಿನೈದು ಅಡಿಯಲ್ಲಿ ಲಾರಿ ಗೇರ್ ಹಾಕಿ ಹೊರಡುವಾಗ ಏಳುವ ಹೊಗೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ಧೂಳಿನ ಕಣದ ಮಟ್ಟಿಗೆ ಆ ಸೂಚ್ಯಂಕ 24 ಗಂಟೆಯ ಸರಾಸರಿ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಏರಿದ್ದು ರಾತ್ರಿ ಎರಡು ಗಂಟೆಯ ಗಾಳಿಯ ಜೊತೆ ಸೇರಿ ತಗ್ಗಿ ಕಾಣುತ್ತದೆ. 'ತೃಪ್ತಿದಾಯಕ' ಎಂದರೆ ಸೂಚ್ಯಂಕ 51ರಿಂದ 100. ಪಿಎಂ 2.5 ಎನ್ನುವ ಸೂಕ್ಷ್ಮ ಕಣದ ಲೆಕ್ಕದಲ್ಲಿ ಇದು ಘನ ಮೀಟರ್‌ಗೆ 31ರಿಂದ 60 ಮೈಕ್ರೋಗ್ರಾಂ. ನಮ್ಮ ದೇಶದ ಮಾನದಂಡ ಒಂದು ದಿನಕ್ಕೆ 60ರವರೆಗೆ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15, ಅಂದರೆ ನಮ್ಮ ಮಿತಿ ಅದರ ನಾಲ್ಕು ಪಟ್ಟು. 'ತೃಪ್ತಿದಾಯಕ'ಕ್ಕೆ ಸರ್ಕಾರವೇ ಕೊಟ್ಟ ವಿವರಣೆಯಲ್ಲೂ ಸೂಕ್ಷ್ಮ ಆರೋಗ್ಯದವರಿಗೆ ಉಸಿರಾಟದ ಸಣ್ಣ ತೊಂದರೆ ಆಗಬಹುದು ಎಂದಿದೆ. ಉಬ್ಬಸದ ಮಗು, ಸ್ಟೆಂಟ್ ಹಾಕಿಸಿಕೊಂಡ ಹಿರಿಯರು ಇಬ್ಬರೂ ಆ ಸಾಲಿನವರೇ. ಆದ್ದರಿಂದ ಆ್ಯಪನ್ನು ಊರಿನ ಗಾಳಿ ನಿನ್ನೆಗಿಂತ ಕೆಟ್ಟಿದೆಯೇ ಎಂದು ನೋಡುವುದಕ್ಕೆ ಬಳಸಿ. ನಿಮ್ಮ ಮನೆಯ ಗಾಳಿ ಹೇಗಿದೆ ಎನ್ನುವುದಕ್ಕೆ ಅದು ಉತ್ತರವಲ್ಲ.

ಪರದೆ ಕಪ್ಪಾಗುವುದು ಏಕೆ ಎಂದು ನೀವೇ ಪರೀಕ್ಷೆ ಮಾಡಬಹುದು. ರಸ್ತೆ ಕಡೆಯ ಕಿಟಕಿಯ ಕಟ್ಟೆಯನ್ನು ಒಂದು ದಿನ ಸ್ವಚ್ಛ ಒರೆಸಿ, ನಾಲ್ಕು ದಿನ ಬಿಟ್ಟು ಒದ್ದೆ ಮಾಡಿದ ಬಿಳಿ ಪಂಚೆ ತುಂಡಿನಿಂದ ಒರೆಸಿ ನೋಡಿ. ಬಟ್ಟೆಯ ಮೇಲೆ ಕೆಂಪು ಮಿಶ್ರಿತ ಕಂದು ಬಣ್ಣ, ಬೆರಳಿಗೆ ಮರಳಿನಂತೆ ಗರಗರ ಅಂದರೆ ಅದು ರಸ್ತೆ ಅಂಚಿನ ಮಣ್ಣು, ಚಕ್ರ ಎಬ್ಬಿಸಿದ್ದು. ಕಪ್ಪಾಗಿ, ಎಣ್ಣೆಮಸಿಯಂತೆ ಉಜ್ಜಿದಷ್ಟೂ ಹರಡಿಕೊಂಡರೆ ಅದರಲ್ಲಿ ಡೀಸೆಲ್ ಮಸಿ ಹೆಚ್ಚು, ಟೈರ್ ಸವೆದ ಪುಡಿಯೂ ಸೇರಿರುತ್ತದೆ. ನಮ್ಮ ಕಡೆ ರಸ್ತೆಗಳಲ್ಲಿ ಸಾಮಾನ್ಯವಾಗಿ ಎರಡೂ ಬೆರೆತೇ ಇರುತ್ತವೆ. ಇವುಗಳಿಗೆ ಉಪಾಯವೂ ಬೇರೆ ಬೇರೆ. ಮಣ್ಣಿನ ದಪ್ಪ ಕಣ ಮೂಗು, ಗಂಟಲಿನಲ್ಲೇ ಸಿಕ್ಕಿಬೀಳುತ್ತದೆ, ಶೀತ, ಕೆಮ್ಮು, ಕಣ್ಣುರಿ ತರುತ್ತದೆ. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ, ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು ಇದಕ್ಕೆ ಸಾಕಷ್ಟು ಮಟ್ಟಿಗೆ ಆಗುತ್ತದೆ. ಒಣ ಪೊರಕೆ ಬಿಟ್ಟುಬಿಡಿ, ಕೂತಿದ್ದ ಧೂಳನ್ನು ಮತ್ತೆ ಮೂಗಿನ ಮಟ್ಟಕ್ಕೆ ಎಬ್ಬಿಸುವ ಕೆಲಸ ಅದು. ಮಸಿಯ ಕಣ ಮಾತ್ರ ಹಾಗಲ್ಲ. ಜಾಲರಿಯ ಕಣ್ಣಿಗೆ ಅದು ಲೆಕ್ಕವೇ ಇಲ್ಲ, ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕದು. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತದೆ. ಪರದೆಯ ಮೇಲೆ ಕಾಣುವುದು ಅಂಟಿಕೊಂಡು ಉಳಿದದ್ದು, ಒಳಗೆ ಹೋದದ್ದು ಕಣ್ಣಿಗೆ ಕಾಣುವುದೇ ಇಲ್ಲ.

ನಿಮ್ಮ ಎದುರಿನ ಹಂಪ್ಸ್ ಬಗ್ಗೆ ಒಂದು ಮಾತು, ಏಕೆಂದರೆ ಅರ್ಧ ತೊಂದರೆ ಅಲ್ಲಿದೆ. ಒಂದೇ ವೇಗದಲ್ಲಿ ಓಡುವ ಲಾರಿ ಕಡಿಮೆ ಹೊಗೆ ಬಿಡುತ್ತದೆ. ಹದಿನೈದು ಕೆ.ಜಿ. ಬಾಕ್ಸ್‌ಗಳನ್ನು ನೂರಾರು ಹೇರಿಕೊಂಡ ಲಾರಿ ಹಂಪ್ಸ್ ದಾಟಿ ಮತ್ತೆ ಎಳೆಯುವಾಗ ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ. ಡೀಸೆಲ್ ಒಮ್ಮೆಗೇ ನುಗ್ಗುತ್ತದೆ, ಅಷ್ಟಕ್ಕೆ ತಕ್ಕ ಗಾಳಿಯನ್ನು ಟರ್ಬೊ ತುಂಬಿಕೊಡಲು ಒಂದೆರಡು ಕ್ಷಣ ಹಿಡಿಯುತ್ತದೆ. ಆ ಕ್ಷಣದಲ್ಲಿ ಅರೆಬೆಂದ ಇಂಧನವೇ ಕಪ್ಪು ಹೊಗೆ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ನಾಝಲ್ ಸವೆದಿದ್ದರೆ, ಲೋಡ್ ಮಿತಿ ಮೀರಿದ್ದರೆ ಇನ್ನೂ ಕಪ್ಪು. ಹೊಗೆ ನೀಲಿಯಾಗಿದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದು ಅರ್ಥ, ಪಿಸ್ಟನ್ ರಿಂಗ್ ಹೋಗಿರುತ್ತದೆ. 2020ರ ಏಪ್ರಿಲ್ 1ರಿಂದ ಮಾರಾಟವಾದ ಬಿಎಸ್-6 (ವಾಹನದ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹೊಸ ಹಂತ) ಲಾರಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅವು ಸುಸ್ಥಿತಿಯಲ್ಲಿದ್ದರೆ ಹೊಗೆ ಕಣ್ಣಿಗೆ ಬೀಳುವುದೇ ಅಪರೂಪ. ಈಗ ಬಂಕಿನಲ್ಲಿ ಸಿಗುವ ಡೀಸೆಲ್ಲೂ ಬಿಎಸ್-6 ಡೀಸೆಲ್ಲೇ. ಆದರೆ ಒಳ್ಳೆಯ ಡೀಸೆಲ್ ಹಾಕಿದ ಮಾತ್ರಕ್ಕೆ ಹಳೆಯ ಲಾರಿಗೆ ಫಿಲ್ಟರ್ ಹುಟ್ಟಿಕೊಳ್ಳುವುದಿಲ್ಲ, ಅದು ಮಸಿ ಉಗುಳುತ್ತಲೇ ಇರುತ್ತದೆ.

ಡೀಸೆಲ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮೊದಲ ಗುಂಪಿಗೆ ಸೇರಿಸಿತು. ಆದರೆ ನಿಮ್ಮ ಮನೆಯ ಇಬ್ಬರಿಗೂ ಅದಕ್ಕಿಂತ ಹತ್ತಿರದ ಅಪಾಯಗಳಿವೆ. ಲಂಡನ್ನಿನಲ್ಲಿ ಅಸ್ತಮಾ ಇರುವ 60 ಜನರನ್ನು ಆಗ ಡೀಸೆಲ್ ಬಸ್ಸು, ಟ್ಯಾಕ್ಸಿ ಮಾತ್ರ ಓಡುತ್ತಿದ್ದ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಒಂದು ದಿನ, ಹೈಡ್ ಪಾರ್ಕಿನಲ್ಲಿ ಇನ್ನೊಂದು ದಿನ ಎರಡೆರಡು ಗಂಟೆ ನಡೆಸಿ ನೋಡಿದರು. 2007ರಲ್ಲಿ ಫಲಿತಾಂಶ ಬಂತು: ಅದೇ ಜನ, ಅಷ್ಟೇ ನಡಿಗೆ, ಆದರೆ ರಸ್ತೆಯಲ್ಲಿ ನಡೆದ ದಿನ ಉಸಿರಿನ ಬಲ ಹೆಚ್ಚು ಕುಗ್ಗಿತ್ತು. ಅದೇ ವರ್ಷ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನ ಹತ್ತು ವರ್ಷದ ಮಕ್ಕಳನ್ನು ಹದಿನೆಂಟರವರೆಗೆ ಅಳೆಯುತ್ತ ಬಂತು. ದೊಡ್ಡ ಹೆದ್ದಾರಿಯಿಂದ 500 ಮೀಟರ್ ಒಳಗೆ ಬೆಳೆದವರ ಶ್ವಾಸಕೋಶ ದೂರದವರಷ್ಟು ಬೆಳೆದಿರಲಿಲ್ಲ. ನಿಮ್ಮ ಮಗನಿಗೆ ಎಂಟು. ಅವನ ಶ್ವಾಸಕೋಶ ಇನ್ನೂ ಹತ್ತು ವರ್ಷ ಬೆಳೆಯಬೇಕಾದದ್ದು, ಅದಕ್ಕೇ ಈ ವಿಷಯವನ್ನು ಮುಂದೆ ನೋಡೋಣ ಎಂದು ಬಿಡಬಾರದು.

ಈಗ ದೂರದ ಲೆಕ್ಕ. ಹಗಲು ಗಾಳಿ ಆಡುವಾಗ ಮಸಿ ಮತ್ತು ಅತಿ ಸೂಕ್ಷ್ಮ ಕಣಗಳು ರಸ್ತೆಯಿಂದ 100-150 ಮೀಟರ್ ಹೋಗುವಷ್ಟರಲ್ಲಿ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತವೆ. ಸುಮಾರು 300 ಮೀಟರ್ ದಾಟಿದರೆ ಊರಿನ ಸಾಮಾನ್ಯ ಗಾಳಿಯ ಮಟ್ಟಕ್ಕೆ ಬರುತ್ತವೆ. ಅಂದರೆ ಎರಡು ಅಡ್ಡರಸ್ತೆ ಒಳಗೆ ಹೋದರೂ ಬೇರೆಯೇ ಗಾಳಿ. ಎತ್ತರದಿಂದ ಸಿಗುವ ಲಾಭ ಅಷ್ಟಿಲ್ಲ. ಎರಡೂ ಬದಿ ಮೂರ್ನಾಲ್ಕು ಮಹಡಿ ಕಟ್ಟಡ ಎದ್ದ ರಸ್ತೆಯಲ್ಲಿ ಹೊಗೆ ಗೋಡೆಗಳ ನಡುವೆ ಸುತ್ತಿಕೊಂಡೇ ಇರುತ್ತದೆ, ಮೊದಲ ಮಹಡಿ ಎರಡನೆಯದಾದರೆ ಹೆಚ್ಚೇನೂ ಬದಲಾಗುವುದಿಲ್ಲ.

ಹೊತ್ತಿನ ಲೆಕ್ಕ ಬಹಳ ಜನರಿಗೆ ತಿಳಿದಿಲ್ಲ. ಮುಂಜಾವದ ಗಾಳಿ ಶುದ್ಧ ಎಂಬ ನಂಬಿಕೆ ಹೊಲದ ಬದಿಯಲ್ಲಿ ಸರಿ, ಲಾರಿ ಓಡುವ ರಸ್ತೆಯಲ್ಲಿ ತಪ್ಪು. ನವೆಂಬರ್‌ನಿಂದ ಫೆಬ್ರವರಿವರೆಗೆ ಕೋಲಾರದಂಥ ಎತ್ತರದ ಬಯಲಿನಲ್ಲಿ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದಂತೆ ಕೂರುತ್ತದೆ. ರಾತ್ರಿಯ ಲಾರಿ ಹೊಗೆ, ಬೀದಿಯಲ್ಲಿ ಕಸಕ್ಕೆ ಹಚ್ಚಿದ ಬೆಂಕಿ, ಚಳಿಗೆ ಹಾಕಿದ ಉರಿಯ ಹೊಗೆ ಎಲ್ಲ ಅದರ ಅಡಿಯಲ್ಲೇ ನಿಲ್ಲುತ್ತದೆ, ರಸ್ತೆಯಿಂದ ಬಹಳ ದೂರದವರೆಗೂ ಹರಡುತ್ತದೆ. ಬಿಸಿಲೇರಿ ಒಂಬತ್ತು ಒಂಬತ್ತೂವರೆಯ ಮೇಲೆ ನೆಲ ಕಾದ ಮೇಲಷ್ಟೇ ಆ ಮುಚ್ಚಳ ಒಡೆಯುವುದು. ಆದ್ದರಿಂದ ಕಿಟಕಿ ತೆರೆಯಲು ಒಳ್ಳೆಯ ಹೊತ್ತು ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ಬೆಳಗ್ಗೆ ಎಂಟರಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ ರಸ್ತೆ ಕಡೆಯದನ್ನು ಮುಚ್ಚಿಡಿ. ಟೊಮೆಟೊ ಆವಕ ಹೆಚ್ಚಿರುವ ತಿಂಗಳುಗಳಲ್ಲಿ ಲಾರಿ ಓಡಾಟದ ಹೊತ್ತು ನಿಮಗೇ ಗೊತ್ತಿರುತ್ತದೆ, ಅದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಮನೆಯೊಳಗೆ ಹೀಗೆ ಮಾಡಿ. ಮಗನ ಹಾಸಿಗೆ ಹಿಂದಿನ ಕೋಣೆಗೆ ಹೋಗಲಿ. ದಿನದ ಒಂಬತ್ತು ಹತ್ತು ಗಂಟೆ ಅವನು ಮಲಗಿರುವ ಜಾಗ ಅದು, ಆ ಒಂದು ಬದಲಾವಣೆಯೇ ಅರ್ಧ ಔಷಧ. ರಸ್ತೆ ಕಡೆಯ ಕಿಟಕಿ ಬಾಗಿಲ ಸಂದಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಫೋಮ್ ಟೇಪ್ ಅಂಟಿಸಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹಾಕಿಸಿ. ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪಾಗುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಅದು ಹೊರಹಾಕಿದಷ್ಟೇ ಗಾಳಿ ಎಲ್ಲಿಂದಾದರೂ ಒಳಬರಲೇಬೇಕು. ಹಿಂದಿನ ಕಿಟಕಿ ಮುಚ್ಚಿದ್ದರೆ ಮುಂದಿನ ಸಂದಿಗಳಿಂದ ರಸ್ತೆಯ ಹೊಗೆಯನ್ನೇ ಎಳೆದುಕೊಳ್ಳುತ್ತದೆ. ಫ್ಯಾನ್ ಹಾಕುವ ಮುನ್ನ ಹಿಂದಿನ ಕಿಟಕಿ ತೆರೆಯಿರಿ. ಫ್ಯಾನ್ ಬೇಡ ಎಂದು ಮಾತ್ರ ಬಿಡಬೇಡಿ, ಒಗ್ಗರಣೆಯ ಹೊಗೆ, ಗ್ಯಾಸ್ ಉರಿಯ ನೈಟ್ರೋಜನ್ ಡೈಆಕ್ಸೈಡ್ ಎರಡೂ ಉಬ್ಬಸಕ್ಕೆ ಹೊರಗಿನ ಹೊಗೆಯಷ್ಟೇ ಕೆಟ್ಟವು.

ಹೊರಗಿನ ಹೊಗೆ ತಡೆದು ಒಳಗೆ ಸೊಳ್ಳೆ ಬತ್ತಿ ಹಚ್ಚಿದರೆ ಮಾಡಿದ್ದೆಲ್ಲ ವ್ಯರ್ಥ. ಒಂದು ಬತ್ತಿ ಪೂರ್ತಿ ಉರಿದರೆ ಹೊಮ್ಮುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿಗೆ ಸಮ ಎಂದು ಅಳೆದು ನೋಡಿದ್ದಾರೆ. ಸೊಳ್ಳೆ ಪರದೆ ಕಟ್ಟಿ. ಊದುಬತ್ತಿ ದೇವರ ಮುಂದೆ ಒಂದು ಸಾಕು, ಮಗ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಎಣ್ಣೆಸ್ನಾನದ ನಂತರ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಈ ಮಗುವಿಗೆ ಅದನ್ನು ಪೂರ್ತಿ ನಿಲ್ಲಿಸಿ. ಮನಿ ಪ್ಲಾಂಟ್, ಹಾವಿನ ಗಿಡ ಗಾಳಿ ಶುದ್ಧ ಮಾಡುತ್ತವೆ ಎಂಬ ಮಾತಿಗೆ ಕೋಣೆಯ ಮಟ್ಟದಲ್ಲಿ ಅರ್ಥವಿಲ್ಲ, ಚೆಂದಕ್ಕೆ ಇಟ್ಟುಕೊಳ್ಳಿ. ಬೆಲ್ಲ ತಿಂದರೆ ಧೂಳು ತೊಳೆದುಹೋಗುತ್ತದೆ ಎಂಬುದೂ ಅಷ್ಟೇ, ಆಹಾರ ಹೋಗುವ ದಾರಿ ಬೇರೆ, ಗಾಳಿ ಹೋಗುವ ದಾರಿ ಬೇರೆ.

ಪ್ಯೂರಿಫೈಯರ್ ತರುವುದಾದರೆ ಒಂದೇ ಕೋಣೆಗೆ, ಮಗ ಮಲಗುವ ಕೋಣೆಗೆ ತನ್ನಿ. ಡಬ್ಬದ ಮೇಲೆ ಬರೆದಿರುವ 'ಇಷ್ಟು ಚದರಡಿಗೆ ಸಾಕು' ಎಂಬುದನ್ನು ನಂಬಬೇಡಿ, ಸಿಎಡಿಆರ್ ಎಂಬ ಅಂಕಿ ನೋಡಿ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ ಅದು. ಹತ್ತಕ್ಕೆ ಹನ್ನೆರಡು ಅಡಿ, ಹತ್ತಡಿ ಎತ್ತರದ ಕೋಣೆ ಎಂದರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ಗಂಟೆಗೆ ಐದು ಸಲ ಆ ಗಾಳಿ ಸೋಸಬೇಕೆಂದರೆ 34 ಗುಣಿಸು 5, ಅಂದರೆ 170. ಯಂತ್ರವನ್ನು ಯಾರೂ ರಾತ್ರಿ ಪೂರ್ತಿ ಜೋರು ವೇಗದಲ್ಲಿ ಓಡಿಸುವುದಿಲ್ಲ, ಸದ್ದಿಗೆ ನಿದ್ದೆ ಬರುವುದಿಲ್ಲ. ಅದಕ್ಕೇ 250ರ ಆಸುಪಾಸಿನದು ತಂದು ಮಲಗುವ ಅರ್ಧ ಗಂಟೆ ಮುಂಚೆ ಜೋರಾಗಿ, ಆಮೇಲೆ ಮಧ್ಯಮದಲ್ಲಿ ಬಿಡಿ. ಗೋಡೆಗೆ ಅಂಟಿಸಿ ಇಡಬೇಡಿ, ಒಂದಡಿ ಜಾಗ ಬಿಡಿ. ಫಿಲ್ಟರ್ ಅತಿ ಸೂಕ್ಷ್ಮ ಕಣವನ್ನೂ ಹಿಡಿಯುವ ಎಚ್13 ದರ್ಜೆಯ ಹೆಪಾ ಇರಲಿ. 'ಅಯಾನ್', 'ಓಝೋನ್' ಎಂದು ಬರೆದಿರುವುದು ಬೇಡವೇ ಬೇಡ, ಓಝೋನ್ ಸ್ವತಃ ಉಬ್ಬಸ ತರಿಸುವ ಅನಿಲ. ಹೊರಗಿನ ಮುನ್‌ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ಬ್ರಶ್‌ನಿಂದ ಝಾಡಿಸಿ, ಬಾಲ್ಕನಿಯಲ್ಲಿ, ಮಗ ಇಲ್ಲದಾಗ. ಹೆಪಾ ಫಿಲ್ಟರನ್ನು ತೊಳೆಯಬೇಡಿ, ತೊಳೆದರೆ ಕೆಟ್ಟಿತು. ನಿಮ್ಮಂಥ ರಸ್ತೆಯಲ್ಲಿ ಕಂಪನಿ ಹೇಳಿದ ವರ್ಷದ ಬದಲು ಏಳೆಂಟು ತಿಂಗಳಿಗೇ ಅದು ಕಟ್ಟಿಕೊಳ್ಳಬಹುದು, ಬದಲಿ ಫಿಲ್ಟರಿನ ಬೆಲೆ ಕೇಳಿಕೊಂಡೇ ಯಂತ್ರ ಕೊಳ್ಳಿ. ಇದು ಕಣ ಹಿಡಿಯುತ್ತದೆ, ವಾಹನದ ಅನಿಲಗಳನ್ನು ಹೆಚ್ಚೇನೂ ಹಿಡಿಯುವುದಿಲ್ಲ. ಬಾಗಿಲು ತೆರೆದಿಟ್ಟು ಓಡಿಸಿದರೆ ಕರೆಂಟ್ ದಂಡ.

ಈಗ ಮಗನ ಇನ್ಹೇಲರ್. ನಿಮ್ಮ ಅತ್ತೆಯವರ ಭಯ ಎಷ್ಟೋ ಮನೆಗಳ ಭಯ, ಕಕ್ಕುಲಾತಿಯಿಂದಲೇ ಬಂದದ್ದು. ಅವರಿಗೆ ಈ ಲೆಕ್ಕ ತೋರಿಸಿ. ಕೆಮ್ಮಿಗೆಂದು ಕೊಡುವ ಸಾಲ್ಬುಟಮಾಲ್ ಸಿರಪ್‌ನಲ್ಲಿ 5 ಎಂ.ಎಲ್. ಚಮಚಕ್ಕೆ 2 ಮಿಲಿಗ್ರಾಂ ಔಷಧ, ಅಂದರೆ 2,000 ಮೈಕ್ರೋಗ್ರಾಂ. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಅದೇ ಔಷಧ ಇನ್ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ, ಇಪ್ಪತ್ತರಲ್ಲಿ ಒಂದು ಭಾಗ, ನೇರವಾಗಿ ಬೇಕಾದ ಜಾಗಕ್ಕೆ. ಇದರಲ್ಲಿ ಚಟ ಹಿಡಿಸುವಂಥದ್ದೇನೂ ಇಲ್ಲ.

ನಿಮಗೆ ಕೊಟ್ಟಿರುವ ಎರಡರಲ್ಲಿ ಒಂದು ಹೆಚ್ಚಾಗಿ ನೀಲಿ, ಮುಚ್ಚಿಕೊಂಡ ಶ್ವಾಸನಾಳವನ್ನು ಕೂಡಲೇ ಸಡಿಲಿಸುವುದು. ಇನ್ನೊಂದು ಒಳಗಿನ ಊತ ತಗ್ಗಿಸುವ ಸ್ಟೀರಾಯ್ಡ್, ಅದನ್ನು ದಿನವೂ ಕೊಡಬೇಕು, ಮಗ ಚೆನ್ನಾಗಿದ್ದಾಗಲೂ. ಊತ ತಗ್ಗಲು ದಿನಗಳು, ವಾರಗಳು ಬೇಕು. ಉಬ್ಬಸ ಬಂದಾಗ ಮಾತ್ರ ಇದನ್ನು ಕೊಟ್ಟರೆ ಪ್ರಯೋಜನವಿಲ್ಲ, ಆಗ 'ಇನ್ಹೇಲರ್ ಕೆಲಸ ಮಾಡಲಿಲ್ಲ' ಎಂಬ ಮಾತು ಹುಟ್ಟುತ್ತದೆ. ಊದಿಕೊಂಡ ನಾಳಕ್ಕೆ ಸ್ವಲ್ಪ ಹೊಗೆ ತಾಗಿದರೂ ಮುಚ್ಚಿಕೊಳ್ಳುತ್ತದೆ, ಊತ ಇಳಿದ ನಾಳ ಅದೇ ಹೊಗೆಯನ್ನು ತಡೆದುಕೊಳ್ಳುತ್ತದೆ. ಹಾಗಾಗಿ ಹೊಗೆಯ ರಸ್ತೆಯಲ್ಲಿರುವ ಮಗುವಿಗೆ ಯಾವ ಯಂತ್ರಕ್ಕಿಂತಲೂ ದೊಡ್ಡ ರಕ್ಷಣೆ ಈ ದಿನನಿತ್ಯದ ಇನ್ಹೇಲರ್.

ಕೊಡುವ ಕ್ರಮ ತಪ್ಪಿದರೆ ಔಷಧ ನಾಲಿಗೆಯ ಮೇಲೇ ಉಳಿಯುತ್ತದೆ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಕಡ್ಡಾಯ. ಹೊಸ ಇನ್ಹೇಲರ್ ಆದರೆ ಒಂದೆರಡು ಪಫ್ ಗಾಳಿಗೆ ಬಿಡಿ. ಚೆನ್ನಾಗಿ ಕುಲುಕಿ, ಸ್ಪೇಸರಿಗೆ ಸಿಕ್ಕಿಸಿ, ಮಗ ಕೂತು ಅಥವಾ ನಿಂತು ತುಟಿಯಿಂದ ಬಿಗಿಯಾಗಿ ಕಚ್ಚಿಕೊಳ್ಳಲಿ. ಒಂದು ಸಲ ಮಾತ್ರ ಒತ್ತಿ. ಅವನು ಸಾವಕಾಶ ಐದಾರು ಉಸಿರು ಎಳೆದು ಬಿಡಲಿ. ಎರಡನೇ ಪಫ್ ಇದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಕೊಡಿ. ಒಮ್ಮೆಗೇ ಎರಡು ಒತ್ತಿದರೆ ಕಣಗಳು ಒಂದಕ್ಕೊಂದು ಅಂಟಿ ಕೊಳವೆಯಲ್ಲೇ ಕೂರುತ್ತವೆ. ಸ್ಟೀರಾಯ್ಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಬರುತ್ತದೆ. ಸ್ಪೇಸರನ್ನು ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ಬೆಚ್ಚನೆ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ವಿದ್ಯುತ್ ಹುಟ್ಟಿ ಮುಂದಿನ ಸಲ ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ.

ಉಬ್ಬಸ ಬಂದೇಬಿಟ್ಟರೆ, ಡಾಕ್ಟರು ಬೇರೆ ಲೆಕ್ಕ ಬರೆದುಕೊಟ್ಟಿಲ್ಲದಿದ್ದರೆ, ಮಗುವನ್ನು ಕೂರಿಸಿ ನೀಲಿ ಇನ್ಹೇಲರ್ ನಾಲ್ಕು ಪಫ್, ಒಂದೊಂದಾಗಿ, ಒಂದಕ್ಕೆ ನಾಲ್ಕು ಉಸಿರು. ನಾಲ್ಕು ನಿಮಿಷ ನೋಡಿ. ಇಳಿಯದಿದ್ದರೆ ಮತ್ತೆ ನಾಲ್ಕು. ಆಗಲೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ ಅಥವಾ ಇದ್ದ ವಾಹನದಲ್ಲೇ ಹೊರಡಿ, ದಾರಿಯಲ್ಲೂ ಕೊಡುತ್ತಿರಿ. ಪಕ್ಕೆ ಒಳಕ್ಕೆ ಎಳೆದುಕೊಳ್ಳುವುದು, ಒಂದು ವಾಕ್ಯ ಪೂರ್ತಿ ಆಡಲಾಗದಿರುವುದು, ತುಟಿ ನೀಲಿಯಾಗುವುದು ಕಂಡರೆ ನಾಲ್ಕು ನಿಮಿಷ ಕಾಯುವುದೂ ಬೇಡ. ಬಿಸಿನೀರಿನ ಹಬೆ ಹಿಡಿಸಲು ಹೋಗಿ ಮಕ್ಕಳು ಸುಟ್ಟುಕೊಳ್ಳುವುದುಂಟು, ಉಬ್ಬಸಕ್ಕೆ ಅದರಿಂದ ಉಪಯೋಗವೂ ಇಲ್ಲ.

ಇದೆಲ್ಲ ರಸ್ತೆಯಿಂದಲೇ ಬಂತೇ? ಪೂರ್ತಿ ಹಾಗೆಂದು ಹೇಳಲಾಗದು. ಈ ವಯಸ್ಸಿನಲ್ಲಿ ಶೀತದ ವೈರಸ್, ಹಾಸಿಗೆಯ ಧೂಳುಹುಳು, ಜಿರಲೆ ಕೂಡ ಉಬ್ಬಸ ಎಬ್ಬಿಸುತ್ತವೆ. ತಿಳಿಯಲು ಔಷಧಿ ಅಂಗಡಿಯಲ್ಲಿ ಪೀಕ್ ಫ್ಲೋ ಮೀಟರ್ ಎಂಬ ಊದುವ ಅಳತೆ ಕೊಳವೆ ಸಿಗುತ್ತದೆ, ಎಂಟು ವರ್ಷದ ಮಗು ಚೆನ್ನಾಗಿ ಊದಬಲ್ಲದು. ಬೆಳಗ್ಗೆ ಸಂಜೆ ನಿಂತುಕೊಂಡು ಮೂರು ಸಲ ಊದಿಸಿ, ಹೆಚ್ಚು ಬಂದದ್ದನ್ನು ಕ್ಯಾಲೆಂಡರಿನಲ್ಲೇ ಬರೆಯಿರಿ. ಎರಡು ವಾರ ಮನೆಯಲ್ಲಿ, ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿ, ಆಮೇಲೆ ಮತ್ತೆ ಇಲ್ಲಿ. ಚೆನ್ನಾಗಿದ್ದಾಗಿನ ಅತಿ ಹೆಚ್ಚಿನ ಅಂಕಿಯ ಶೇ 80ರ ಮೇಲಿದ್ದರೆ ನೆಮ್ಮದಿ. 50ರಿಂದ 80ರ ನಡುವೆ ಇಳಿದರೆ ಡಾಕ್ಟರ ಜೊತೆ ಮಾತಾಡಿ. 50ಕ್ಕಿಂತ ಕೆಳಗೆ ತುರ್ತು. ಊರಲ್ಲಿ ಏರಿ ಇಲ್ಲಿಗೆ ಬಂದ ಮೂರ್ನಾಲ್ಕು ದಿನಕ್ಕೆ ಇಳಿದರೆ ಮನೆ ಬದಲಿಸುವ ನಿರ್ಧಾರಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮಾವನವರ ವಿಷಯ. ಹೊಗೆಯಿಂದ ಶ್ವಾಸಕೋಶ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಹೃದಯಕ್ಕೆ ಏನಾಗುತ್ತದೆ ಎಂಬುದು ಗೊತ್ತಿಲ್ಲ. ಸೂಕ್ಷ್ಮ ಕಣ ಒಳಹೋದ ಕೆಲವೇ ಗಂಟೆಗಳಲ್ಲಿ ರಕ್ತನಾಳ ಬಿಗಿಯುತ್ತದೆ, ಬಿ.ಪಿ. ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಮೊದಲೇ ಕಿರಿದಾದ ನಾಳ ಇರುವವರಿಗೆ ಹೃದಯಾಘಾತಕ್ಕೆ ಇದು ಸಾಕು. ಬಿರುಸಾಗಿ ನಡೆಯುವಾಗ ಸುಮ್ಮನೆ ಕೂತಾಗಿನ ಮೂರ್ನಾಲ್ಕು ಪಟ್ಟು ಗಾಳಿ ಎಳೆದುಕೊಳ್ಳುತ್ತೇವೆ, ಅದೂ ಬಾಯಿಂದ. ಅಂದರೆ ರಸ್ತೆ ಬದಿಯಲ್ಲಿ ಬಿರುಸು ನಡಿಗೆ ಹೊಗೆಯ ಡೋಸ್ ಹೆಚ್ಚಿಸಿಕೊಳ್ಳುವ ದಾರಿ. ಹಾಗೆಂದು ವಾಕಿಂಗ್ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ನಷ್ಟ. ಜಿಲ್ಲಾ ಕ್ರೀಡಾಂಗಣದ ಒಳಗೋ, ದೊಡ್ಡ ರಸ್ತೆಯಿಂದ ಇನ್ನೂರು ಮುನ್ನೂರು ಮೀಟರ್ ಒಳಗಿನ ಬಡಾವಣೆ ಬೀದಿಯಲ್ಲೋ ನಡೆಯಲಿ. ಚಳಿಗಾಲದ ನಾಲ್ಕು ತಿಂಗಳು ಬೆಳಗಿನ ಬದಲು ಸಂಜೆ ನಾಲ್ಕರಿಂದ ಐದು. ಅಂತರಗಂಗೆ ಬೆಟ್ಟದ ಗಾಳಿ ಒಳ್ಳೆಯದೇ, ಆದರೆ ಆ ಮೆಟ್ಟಿಲು ಹತ್ತಬಹುದೇ ಎಂದು ಹೃದಯದ ಡಾಕ್ಟರನ್ನು ಕೇಳಿದ ಮೇಲೆ. ರಕ್ತ ತೆಳುಮಾಡುವ ಮಾತ್ರೆ ಒಂದು ದಿನವೂ ತಪ್ಪಬಾರದು. ನಡೆಯುವಾಗ ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರಬಾರದು, ಅರ್ಧ ಗಂಟೆಯೊಳಗೆ ಇಸಿಜಿ ಆಗಬೇಕು.

ಮಾಸ್ಕ್ ದೊಡ್ಡವರಿಗೆ ಆಗುತ್ತದೆ: ಎನ್95 ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ2, ತಲೆಯ ಹಿಂದಕ್ಕೆ ಎರಡು ಪಟ್ಟಿ ಬರುವಂಥದ್ದು. ಕಿವಿಗೆ ಸಿಕ್ಕಿಸುವುದು ಕೆನ್ನೆಯ ಬದಿ ಸಡಿಲ ಬಿಡುತ್ತದೆ. ಹಾಕಿಕೊಂಡು ಜೋರಾಗಿ ಊದಿದಾಗ ಕಣ್ಣಿಗೆ ಗಾಳಿ ಬಡಿದರೆ ಅದು ಕೂತಿಲ್ಲ. ಬಟ್ಟೆ ಮಾಸ್ಕ್, ಒದ್ದೆ ಕರ್ಚೀಫ್ ಮಣ್ಣಿನ ಧೂಳಿಗೆ ಮಾತ್ರ. ಮಕ್ಕಳ ಮುಖಕ್ಕೆ ಸರಿಯಾಗಿ ಕೂರುವುದು ಸಿಗುವುದು ಕಷ್ಟ, ಉಬ್ಬಸ ಇರುವಾಗ ಹಾಕಿಸಲೂಬಾರದು. ಮಗನಿಗೆ ಅದಕ್ಕಿಂತ ದಾರಿ ಬದಲಿಸುವುದು ಮೇಲು. ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದರೆ ಬಿಡಿ, ಮುಂದಿನ ಬಸ್ಸು ಲಾರಿಯ ಹೊಗೆ ನೇರ ಅವನ ಮುಖಕ್ಕೇ. ಹತ್ತು ನಿಮಿಷ ಮೊದಲು ಹೊರಟು ಒಳಬೀದಿ ಹಿಡಿಯಿರಿ. ಸರ್ಕಲ್ಲಿನಲ್ಲಿ ಲಾರಿಯ ಹಿಂದೆ ಒಂದು ವಾಹನದಷ್ಟು ಅಂತರ ಬಿಟ್ಟು ನಿಲ್ಲಿ.

ಮನೆ ಬದಲಿಸುವುದು ಸಾಧ್ಯವಿದ್ದರೆ ನನ್ನ ಸಲಹೆ ಹೌದು ಎಂದೇ. ಊರು ಬಿಡಬೇಕಿಲ್ಲ, ಇದೇ ಬಡಾವಣೆಯಲ್ಲಿ ಎರಡು ಅಡ್ಡರಸ್ತೆ ಒಳಗೆ. ಹೊಸ ಮನೆ ಒಪ್ಪುವ ಮುನ್ನ ಬೆಳಗ್ಗೆ ಎಂಟೂವರೆಗೆ, ಸಂಜೆ ಏಳೂವರೆಗೆ ಎರಡು ಸಲ ಅಲ್ಲಿ ಹೋಗಿ ನಿಲ್ಲಿ. ಹತ್ತಿರ ಏರು, ಬಸ್ ನಿಲ್ದಾಣ, ಕಸ ಸುಡುವ ಮೂಲೆ, ಅಂಗಡಿಯ ಜನರೇಟರ್ ಇವೆಯೇ ನೋಡಿ.

ಅಲ್ಲಿಯವರೆಗೆ, ಮತ್ತು ಆ ಬೀದಿಯಲ್ಲೇ ಉಳಿಯುವ ಉಳಿದ ಮನೆಗಳ ಸಲುವಾಗಿಯೂ, ದೂರು ಕೊಡುವುದು ಹಕ್ಕು. ಕಪ್ಪು ಹೊಗೆ ಬಿಡುವ ವಾಹನದ ನಂಬರ್, ದಿನಾಂಕ, ಸಮಯ, ಫೋಟೊ ಸಮೇತ ಕೋಲಾರದ ಪ್ರಾದೇಶಿಕ ಸಾರಿಗೆ ಕಚೇರಿಗೆ ಬರೆದುಕೊಡಿ. ಎಮಿಷನ್ ಸರ್ಟಿಫಿಕೇಟ್ ಇದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಸರ್ಟಿಫಿಕೇಟ್ ಇದ್ದೂ ಹೊಗೆ ಬಂದರೆ ಆಶ್ಚರ್ಯ ಬೇಡ. ಡೀಸೆಲ್ ಪರೀಕ್ಷೆ ನಿಂತ ಗಾಡಿಯ ಆಕ್ಸಿಲರೇಟರ್ ಒತ್ತಿ ನಡೆಯುತ್ತದೆ, ಲೋಡ್ ಇರುವುದಿಲ್ಲ. ಹೊಗೆಯ ದಟ್ಟತೆ ಬಿಎಸ್-4 ಗಾಡಿಗೆ ಮೀಟರ್‌ಗೆ 1.62, ಅದಕ್ಕಿಂತ ಹಳೆಯದಕ್ಕೆ 2.45 ಎಂಬ ಮಿತಿಯೊಳಗೆ ಪಾಸಾದದ್ದೇ ಟೊಮೆಟೊ ಹೇರಿಕೊಂಡು ಹಂಪ್ಸ್ ಹತ್ತುವಾಗ ಮಸಿ ಉಗುಳಬಲ್ಲದು. ಅದಕ್ಕೇ ಒಂದೊಂದು ಲಾರಿಯ ಹಿಂದೆ ಬೀಳುವುದಕ್ಕಿಂತ ಹೊತ್ತನ್ನು ಬದಲಿಸಿ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಮಿನಡಿ ಒಂದು ರಸ್ತೆಯಲ್ಲಿ ಭಾರೀ ವಾಹನಗಳಿಗೆ ಸಮಯದ ನಿರ್ಬಂಧ ಹಾಕಲು ಅವಕಾಶವಿದೆ. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಈ ರಸ್ತೆಯಲ್ಲಿ ಭಾರೀ ಲಾರಿ ಬೇಡ, ಕಾಯುತ್ತ ನಿಂತ ಲಾರಿಗಳು ಇಂಜಿನ್ ಆಫ್ ಮಾಡಲಿ, ರಸ್ತೆ ಅಂಚಿನ ಮಣ್ಣು ತೆಗೆದು ಟಾರಿನ ಅಂಚಿನವರೆಗೆ ಕಲ್ಲು ಹಾಸಲಿ ಎಂಬ ಮೂರೇ ಬೇಡಿಕೆ ಬರೆದು, ಬೀದಿಯ ಮನೆಗಳವರ ಸಹಿ ಹಾಕಿಸಿ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ, ಪ್ರತಿಯನ್ನು ಎಪಿಎಂಸಿಗೂ ಸಂಚಾರ ಪೊಲೀಸರಿಗೂ ಕೊಡಿ. 'ತುಂಬಾ ಹೊಗೆ' ಎಂದು ಬರೆದರೆ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಮೂರು ದಿನ ಬೆಳಗ್ಗೆ ಎಂಟರಿಂದ ಎಂಟೂಕಾಲು, ಸಂಜೆ ಏಳರಿಂದ ಏಳೂಕಾಲು ಕಿಟಕಿಯಲ್ಲಿ ಕೂತು ಲಾರಿ, ಪಿಕಪ್, ಬಸ್ಸು ಬೇರೆ ಬೇರೆ ಎಣಿಸಿ. ಆ ಪಟ್ಟಿ ಲಗತ್ತಿಸಿ, ಸ್ವೀಕೃತಿಯ ಮೊಹರು ಬಿದ್ದ ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ.